ಕ್ಯಾಮೆರಾಗೆ ಕಾಣದ ನೀಲಿ

ಶ್ರಾವಣದ ಎರಡನೆಯ ಸೋಮವಾರ, ಬೆಳಗಿನ ಹನ್ನೊಂದು ಗಂಟೆ. ಬೆಂಗಳೂರಿನ ಪೀಣ್ಯದಲ್ಲಿ ನಕ್ಷೆ ಅಚ್ಚುಹಾಕುವ ಪ್ರೆಸ್ಸೊಂದರೊಳಗೆ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡ ಗಂಡಸೊಬ್ಬ ಬಂದು ನಿಂತು, ಕೈಯಲ್ಲಿದ್ದ ಅಟ್ಲಾಸನ್ನು ಮೇಜಿನ ಮೇಲೆ ಬಡಿದ.

“ಈ ಪುಸ್ತಕದಾಗ ಸೇತುವೆ ಬರ್ದೋರು ಯಾರ್ರೀ?”

ಗಾಜಿನ ಮೇಜಿನ ಮೇಲೆ ಬಾಗಿ, ಅಡಿಯಿಂದ ಬರುವ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಗುಬ್ಬಿ ತಾಲ್ಲೂಕಿನ ಕೆರೆಗಳಿಗೆ ಅಂಚು ಬರೆಯುತ್ತಿದ್ದ ಮಹಾದೇವಿ ಥಟ್ಟನೆ ಪೆನ್ನು ಎತ್ತಿದಳು. ಎತ್ತದಿದ್ದರೆ ಆ ಕೂಗಿಗೆ ಒಂದು ಕೆರೆಯ ಏರಿ ಒಡೆದುಹೋಗುತ್ತಿತ್ತು.

“ನಾನೇ,” ಎಂದಳು.

ಅವನ ಕೋಪಕ್ಕೆ ಹೆಜ್ಜೆ ತಪ್ಪಿತು. ದಪ್ಪ ಕನ್ನಡಕದ, ಹೊಟ್ಟೆ ಬಂದ ಯಾರೋ ಒಬ್ಬ ಗುಮಾಸ್ತನನ್ನು ಅವನು ದಾರಿಯುದ್ದಕ್ಕೂ ಬೈದುಕೊಂಡು ಬಂದಿದ್ದ. ಇಲ್ಲಿ ನೋಡಿದರೆ ಹಣೆಯ ಮೇಲೆ ವಿಭೂತಿಯ ತೆಳು ಗೆರೆ, ಬೆರಳ ತುದಿಯಲ್ಲಿ ಇಂಕಿನ ಕಪ್ಪು, ಇಪ್ಪತ್ತಾರು ಇಪ್ಪತ್ತೇಳರ ಹೆಣ್ಣುಮಗಳು.

“ನೀವಾ?”

“ಹೌದು. ಯಾವ ಹಾಳೆ?”

“ಇಪ್ಪತ್ತೆರಡು. ಕೆಂಚನಹಳ್ಳದ ಮ್ಯಾಲೆ ಸೇತುವೆ ಐತಿ ಅಂತ ತೋರಿಸೀರಿ. ನಂಬಿ, ಹೈವೇ ಬಿಟ್ಟು ಹದಿನೆಂಟು ಕಿಲೋಮೀಟರ್ ಒಳಗ ಹೋದೆ. ಅಲ್ಲಿ ಹಳ್ಳ ಐತಿ, ನೀರು ಐತಿ, ನೀರಾಗ ಎಮ್ಮಿ ಅದಾವ. ಸೇತುವೆ ಎಲ್ಲೈತ್ರಿ ಮೇಡಂ?”

ಮಹಾದೇವಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಾವೇರಿಯ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದು ಆರು ವರ್ಷವಾಗಿತ್ತು. ಅಪ್ಪನೊಬ್ಬನನ್ನು ಬಿಟ್ಟರೆ ಈ ಊರಿನಲ್ಲಿ ಅವಳೆದುರು ಯಾರೂ ಹೀಗೆ ‘ಐತ್ರಿ’ ಎಂದು ಜಗಳಕ್ಕೆ ಬಂದಿರಲಿಲ್ಲ. ಬೈಗುಳ ಕಿವಿಗೆ ಬಿದ್ದರೂ ಎದೆಯೊಳಗೆ ಯಾರೋ ಊರಿನ ಬಾಗಿಲು ತೆಗೆದಂತಾಯಿತು.

ಕಪಾಟಿನಿಂದ ಹಳೆಯ ಸರ್ವೆ ಹಾಳೆಯೊಂದನ್ನು ತಂದು ಬೆಳಕಿನ ಗಾಜಿನ ಮೇಲೆ ಹಾಸಿದಳು. ಹಳ್ಳದ ಈ ದಂಡೆಯವರೆಗೆ ರಸ್ತೆಯ ಗೆರೆ ಬಂದು ನಿಂತಿತ್ತು. ಆ ದಂಡೆಯಿಂದ ಮತ್ತೆ ಹೊರಟಿತ್ತು. ನಡುವೆ ಎಳ್ಳುಕಾಳಿನಷ್ಟು ಜಾಗ ಖಾಲಿ.

“ಹಳೇ ಹಾಳೆ, ಸವೆದಿರಬೇಕು ಅಂದ್ಕೊಂಡೆ,” ಎಂದಳು ಮೆಲ್ಲಗೆ. “ಎರಡು ಗೆರೆ ಎದುರುಬದುರು ನಿಂತಿದ್ವು. ಕೂಡಿಸಿಬಿಟ್ಟೆ.”

“ಅಂದ್ರ ನೀವು ಆ ಕಡೆ ಹೋಗೇ ಇಲ್ಲ.”

“ಇಲ್ಲ.”

“ಮತ್ತ ಇದರಾಗ ಬರ್ದಿರೋ ಯಾವ ರಸ್ತಿಗೆ ಹೋಗೀರಿ?”

ಅವಳು ಸುಳ್ಳು ಹೇಳುವವಳಲ್ಲ. “ಲಗ್ಗೆರೆಯಿಂದ ಪೀಣ್ಯಕ್ಕೆ ದಿನಾ ಬರ್ತೀನಿ,” ಎಂದಳು.

ಅವನು ನಕ್ಕುಬಿಟ್ಟ. ಕೆಸರಿನ ಚುಕ್ಕೆಗಳ ನಡುವೆ ಆ ನಗು ಅಷ್ಟು ಬೆಳ್ಳಗೆ ಇರುತ್ತದೆಂದು ಅವಳು ಎಣಿಸಿರಲಿಲ್ಲ. ಕಣ್ಣು ತಗ್ಗಿಸಿ, ಒಣಗಿಯೇ ಇದ್ದ ಪೆನ್ನಿನ ಮೂತಿಯನ್ನು ಬಟ್ಟೆಯಿಂದ ಒರೆಸತೊಡಗಿದಳು.

ಗಲಾಟೆ ಕೇಳಿ, ಅಚ್ಚಿಗೆ ಹಾಳೆಗಳ ಫೋಟೋ ತೆಗೆಯುವ ಕ್ಯಾಮೆರಾ ಕೋಣೆಯಿಂದ ಯಜಮಾನರಾದ ಹನುಮಂತಯ್ಯನವರು ಹೊರಬಂದರು. ಬಂದವನ ಹೆಸರು ಈರೇಶ್, ರಾಣೆಬೆನ್ನೂರಿನವನು, ಪೀಣ್ಯದಲ್ಲೇ ಧರ್ಮಕಾಟಾ ತಯಾರಿಸುವ ಕಂಪನಿಯ ಸರ್ವಿಸ್ ಮೆಕ್ಯಾನಿಕ್ ಎಂದು ಗೊತ್ತಾಯಿತು. ಲಾರಿಗಳನ್ನು ತೂಗುವ ಆ ದೊಡ್ಡ ಕಾಟಾಗಳು ಇರುವುದೆಲ್ಲ ಜಲ್ಲಿ ಕ್ರಷರು, ಎಣ್ಣೆ ಮಿಲ್ಲು, ಮಂಡಿಗಳ ಹತ್ತಿರ. ಯೆಜ್ಡಿ ಬೈಕಿನ ಮೇಲೆ ತಿಂಗಳಿಗೆ ಇಪ್ಪತ್ತು ದಿನ ಒಳದಾರಿಗಳಲ್ಲೇ ಅವನ ಓಡಾಟ. ಆರು ಜಿಲ್ಲೆಯ ಬಂಡಿ ಜಾಡನ್ನೂ ಬಿಡದೆ ತೊಂಬತ್ತಾರು ಹಾಳೆಗಳಲ್ಲಿ ತೋರಿಸುವ ಈ ಅಟ್ಲಾಸು ಅವನ ಟ್ಯಾಂಕ್ ಕವರಿನಲ್ಲಿ ಎರಡು ವರ್ಷದಿಂದ ಇತ್ತು.

“ಎರಡು ವರ್ಷದಲ್ಲಿ ಇನ್ನೇನು ತಪ್ಪು ಸಿಕ್ಕಿದೆ?” ಎಂದು ಹನುಮಂತಯ್ಯ ಕೇಳಿದರು.

“ಹೇಳ್ತಾ ಕೂತ್ರೆ ಸಂಜೆ ಆಗುತ್ತೆ ಸಾರ್.”

“ಹಾಗಾದ್ರೆ ಟೀ ತರಿಸ್ತೀನಿ, ಕೂತ್ಕೊಳ್ಳಿ. ಸಂಕ್ರಾಂತಿ ಕಳೆದ ಮೇಲೆ ಹೊಸ ಆವೃತ್ತಿ ಬರಬೇಕು. ನಾನು ಊರೂರು ಸುತ್ತೋಕಾಗಲ್ಲ, ಈ ಹುಡುಗಿ ಈ ಮೇಜು ಬಿಟ್ಟು ಏಳಲ್ಲ. ಹೇಗೂ ಸುತ್ತೋರು ನೀವು. ಹಾಳೆ ಕೊಡ್ತೀನಿ, ತಪ್ಪಿದ್ದ ಕಡೆ ಕೆಂಪು ಪೆನ್ಸಿಲಲ್ಲಿ ತಿದ್ಕೊಂಡು ಬನ್ನಿ.”

ಈರೇಶ್ ಮಹಾದೇವಿಯ ಕಡೆ ನೋಡಿದ. ಅವಳು ಒರೆಸಿದ ಪೆನ್ನನ್ನೇ ಮತ್ತೆ ಒರೆಸುತ್ತಿದ್ದಳು.

“ಆಯ್ತು ಸಾರ್,” ಎಂದ. “ಆದ್ರೆ ಮೇಡಂ ಬೈಯಬಾರದು.”

“ಬೈಯೋರು ಯಾರು ಅಂತ ಈಗ ತಾನೇ ಗೊತ್ತಾಯ್ತಲ್ಲ,” ಎಂದಳು ಮಹಾದೇವಿ, ತಲೆ ಎತ್ತದೆ.

*

ಅಂದಿನಿಂದ ಶನಿವಾರಗಳಿಗೊಂದು ಬಣ್ಣ ಬಂದಿತು.

ನಾಲ್ಕು ಗಂಟೆಗೆ ಯೆಜ್ಡಿಯ ಸದ್ದು ಬೀದಿಯ ತಿರುವಿನಲ್ಲಿ ಕೇಳುತ್ತಿತ್ತು. ಪಕ್ಕದ ಪೌಡರ್ ಕೋಟಿಂಗ್ ಶೆಡ್ಡಿನ ಗದ್ದಲ, ಎದುರಿನ ಲೇತ್ ಮಿಷನ್ನಿನ ಕಿರುಚಾಟ, ಇವುಗಳ ನಡುವೆ ಅದೊಂದೇ ಸದ್ದನ್ನು ಮಹಾದೇವಿಯ ಕಿವಿ ಹೆಕ್ಕಿ ತೆಗೆಯುತ್ತಿತ್ತು. ಅವನು ತಿದ್ದಿದ ಹಾಳೆಗಳನ್ನು ಕೊಟ್ಟು, ಮುಂದಿನವನ್ನೂ ಮತ್ತೊಮ್ಮೆ ನೋಡಬೇಕಾದ ಹಳೆಯವನ್ನೂ ಪಡೆದು, ಅರ್ಧ ಲೋಟ ಟೀ ಕುಡಿದು ಹೊರಡುತ್ತಿದ್ದ. ಅಷ್ಟರಲ್ಲಿ ಆಡುತ್ತಿದ್ದ ಮಾತು ನಾಲ್ಕೋ ಐದೋ. ಉಳಿದ ಮಾತೆಲ್ಲ ಹಾಳೆಯ ಅಂಚಿನಲ್ಲಿ ಇರುತ್ತಿತ್ತು.

ಮೊದಲ ವಾರ ಒಂದು ಹಾಳೆಯ ಬದಿಗೆ ಅವನು ಕಪ್ಪು ಸೀಸದ ಪೆನ್ಸಿಲಿನಲ್ಲಿ ಬರೆದಿದ್ದ: ‘ಇಲ್ಲಿಂದ ಎರಡು ಮೈಲಿ ಹುಣಸೆ ಸಾಲು. ಬಿಸಿಲು ನೆಲ ಮುಟ್ಟುವುದಿಲ್ಲ.’

ಮಹಾದೇವಿ ಅದರ ಕೆಳಗೆ ಬರೆದಳು: ‘ಇದು ನಕ್ಷೆಗೆ ಬೇಡ.’

ಮರುವಾರ ಅದೇ ಹಾಳೆ ತಿರುಗಿ ಬಂತು. ‘ನಕ್ಷೆಗಲ್ಲ. ನಿಮಗೆ.’

ಆ ಎರಡು ಪದವನ್ನು ಅವಳು ಎಷ್ಟು ಹೊತ್ತು ನೋಡಿದಳೆಂದರೆ, ಮೇಜಿನ ಅಡಿಯ ದೀಪದ ಕಾವಿಗೆ ಅಂಗೈ ಬೆಚ್ಚಗಾಗಿ ಬೆವರಿತು.

ಅವಳು ಬರೆಯುತ್ತಿದ್ದುದು ತಿಳಿನೀಲಿ ಪೆನ್ಸಿಲಿನಲ್ಲಿ. ಪ್ರೆಸ್ಸಿನ ಕೆಲಸದವರಿಗೆಂದೇ ಬರುವ ಪೆನ್ಸಿಲ್ ಅದು. ಅದರಲ್ಲಿ ಏನು ಗೀಚಿದರೂ ಕಣ್ಣಿಗೆ ಕಾಣುತ್ತದೆ, ಆದರೆ ಫೋಟೋ ತೆಗೆಯುವಾಗ ಕ್ಯಾಮೆರಾ ಅದನ್ನು ಕಾಣುವುದಿಲ್ಲ. ಅಚ್ಚಿನಲ್ಲಿ ಬರಿಯ ಬಿಳಿ ಕಾಗದ ಬರುತ್ತದೆ. ಗುರುತು ಹಾಕಿಕೊಳ್ಳಲು, ಅಳತೆ ಬರೆದುಕೊಳ್ಳಲು ಎಲ್ಲರೂ ಬಳಸುತ್ತಿದ್ದರು. ಮಹಾದೇವಿಗೆ ಅದು ಬೇರೆ ಕಾರಣಕ್ಕೂ ಹಿಡಿಸಿತ್ತು. ಹೇಳಿಯೂ ಹೇಳದಂತೆ ಇರುವ ಬಣ್ಣ ಅದು. ಅವಳ ಸ್ವಭಾವವೂ ಅದೇ.

ಚಿಕ್ಕಂದಿನಿಂದ ಕೇಳುತ್ತ ಬೆಳೆದವಳು. ತಂದೆ ನಿಂಗಪ್ಪ ಮೇಷ್ಟರು ಬೆಳಗ್ಗೆ ಲಿಂಗಪೂಜೆಗೆ ಕೂತರೆ ವಚನಗಳನ್ನು ಒಂದಾದ ಮೇಲೊಂದು ಕಂಚಿನ ಕಂಠದಲ್ಲಿ ಹೇಳುತ್ತಿದ್ದರು. ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ತುಟಿಯನ್ನೂ ಅಲುಗಿಸದೆ ಅವಳು ಅದನ್ನೆಲ್ಲ ಒಳಗಿಳಿಸಿಕೊಳ್ಳುತ್ತಿದ್ದಳು. ಕೇಳುವುದು ಅವಳಿಗೆ ಒಲಿದಿತ್ತು. ಬಾಯಿ ಬಿಟ್ಟು ಹೇಳುವುದು ಒಲಿದಿರಲಿಲ್ಲ.

ಇನ್ನೊಂದು ಹಾಳೆಯ ಅಂಚಿನಲ್ಲಿ ಅವನು ಬರೆದಿದ್ದ: ‘ಈ ಊರ ಬಾಗಿಲಲ್ಲಿ ಒಂದು ಕೆಂಪು ನಾಯಿ. ಕಚ್ಚುವುದಿಲ್ಲ. ಅರ್ಧ ಕಿಲೋಮೀಟರ್ ಜೊತೆಗೆ ಓಡಿಬಂದು ಬೀಳ್ಕೊಡುತ್ತದೆ.’

‘ಹೆಸರೇನು?’

‘ಕೇಳಿದೆ. ಇಟ್ಟಿಲ್ಲವಂತೆ. ಬೇಕಾದರೆ ನೀವೇ ಇಡಿ ಅಂದರು.’

‘ಬಂದು ನೋಡದೆ ಹೇಗೆ ಇಡಲಿ?’

ಇದನ್ನು ಬರೆದ ಮೇಲೆ ಅವಳಿಗೇ ಗಾಬರಿಯಾಯಿತು. ಅಳಿಸಲು ರಬ್ಬರು ಎತ್ತಿಕೊಂಡಳು. ಹೊರಗೆ ಯೆಜ್ಡಿ ಬಂದು ನಿಂತುಬಿಟ್ಟಿತ್ತು.

ಈರೇಶ್ ಅದನ್ನು ಅಲ್ಲೇ, ಅವಳೆದುರೇ ಓದಿದ. ಓದಿ ಹಾಳೆಯ ಮೇಲಿಂದ ಕಣ್ಣೆತ್ತಿ ನೋಡಿದ. ಅವಳು ಟೀ ಲೋಟದೊಳಗೆ ಏನೋ ಬಿದ್ದಿದೆಯೇನೋ ಎಂಬಂತೆ ಬಗ್ಗಿ ನೋಡತೊಡಗಿದಳು.

“ನೊಣ ಬಿದ್ದಿದೆಯಾ?” ಎಂದ.

“ಇಲ್ಲ.”

“ಮತ್ತೆ?”

“ಸಕ್ಕರೆ ಕರಗಿದೆಯಾ ಅಂತ.”

“ಕರಗಿದೆ,” ಎಂದ ಅವನು, ಲೋಟ ನೋಡದೆ.

ಮನೆಯಲ್ಲಿ ಸಂಜೆ ನಿಂಗಪ್ಪನವರು ಮಗಳಿಂದ ಅಂದು ಬರೆದ ಊರುಗಳ ಹೆಸರು ಕೇಳುವುದು ವಾಡಿಕೆ. ಅವಳು ಹೇಳುತ್ತ ಹೋದಂತೆ ಅವರು ಆ ಹೆಸರುಗಳಿಗೆ ತಾಳ ಹಾಕಿ, ಒಂದಕ್ಕೊಂದು ಪ್ರಾಸ ಹೊಂದಿಸಿ ಹಾಡಿನಂತೆ ಹೇಳುತ್ತಿದ್ದರು. ಈಚೀಚೆಗೆ ಆ ಪಟ್ಟಿಯೊಳಗೆ ಹುಣಸೆ ಮರ, ನೀರಿನ ಬಾವಿ, ಚಕ್ಕುಲಿ ಮಾರುವ ಅಜ್ಜಿ ಎಲ್ಲ ಸೇರಿಕೊಳ್ಳುತ್ತಿದ್ದವು.

“ಅಲ್ಲವ್ವಾ ಮಾದೇವಿ,” ಎಂದರು ಒಂದು ಸಂಜೆ, “ಈ ಕೆಂಪ ನಾಯಿ ಸುದ್ದಿ ಯಾವ ಸರ್ವೆ ಇಲಾಖಿಯವ್ರು ಕೊಟ್ರು?”

“ಧರ್ಮಕಾಟಾದವ್ರು,” ಎಂದು ಅವಳು ಎದ್ದು ಒಲೆಯ ಕಡೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಮುದುಕರು ನಕ್ಕರು.

*

ಕಾರ್ತಿಕದಲ್ಲಿ ಮೂವತ್ತೇಳನೆಯ ಹಾಳೆ ಹೋಗಿ ಬಂತು. ಹಿರಿಯೂರು ಚಳ್ಳಕೆರೆ ಕಡೆಯ ಹಾಳೆ. ಶನಿವಾರ ಅವನು ಅದನ್ನು ಕೊಟ್ಟು, ಟೀಯನ್ನೂ ಕುಡಿಯದೆ ಹೊರಟುಬಿಟ್ಟ. ಏನೋ ಅವಸರವಿರಬೇಕೆಂದು ಮಹಾದೇವಿ ಹಾಳೆ ಬಿಚ್ಚಿದಳು. ಕೆಳಗಿನ ಅಂಚಿನಲ್ಲಿ, ಎಂದಿಗಿಂತ ಚಿಕ್ಕ ಅಕ್ಷರಗಳಲ್ಲಿ, ಸೀಸವನ್ನು ಒತ್ತಿ ಬರೆದಿತ್ತು:

‘ಹುಬ್ಬಳ್ಳಿಯಲ್ಲಿ ಕಂಪನಿ ಬ್ರಾಂಚ್ ತೆರೆಯುತ್ತಿದೆ. ನನಗೆ ಹೋಗು ಅನ್ನುತ್ತಿದ್ದಾರೆ. ಮುಂದಿನ ಸೋಮವಾರ ಉತ್ತರ ಕೊಡಬೇಕು. ನಿಮ್ಮನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ನನ್ನನ್ನು ಮದುವೆಯಾಗಿ ಜೊತೆಗೆ ಬರುತ್ತೀರಾ? ಬರುವುದಾದರೆ ನಿಮ್ಮ ತಂದೆಯವರನ್ನು ಬಂದು ಕೇಳುತ್ತೇನೆ. ಇಲ್ಲ ಎನ್ನುವುದಾದರೆ ಏನೂ ಬರೆಯಬೇಡಿ. ಖಾಲಿ ಬಿಡಿ. ನನಗೆ ತಿಳಿಯುತ್ತದೆ.’

ನಾಲ್ಕು ದಿನ ಆ ಹಾಳೆ ಅವಳ ಡ್ರಾಯರಿನಲ್ಲಿತ್ತು. ನಾಲ್ಕು ದಿನವೂ ಅವಳು ಎಳೆದ ಗೆರೆಯನ್ನೇ ಅಳಿಸಿ ಮತ್ತೆ ಎಳೆದಳು. ಉತ್ತರವೇನೆಂಬ ಸಂದೇಹದಿಂದಲ್ಲ. ದೇವರ ಮುಂದಿನ ದೀಪದಷ್ಟು ನಿಚ್ಚಳವಾಗಿ ಅದು ಒಳಗೆ ಉರಿಯುತ್ತಿತ್ತು. ಆದರೆ ಅಪ್ಪ?

ಗುರುವಾರ ಸಂಜೆ ಕೇಳಿದಳು. “ಅಪ್ಪಾ, ಹುಬ್ಬಳ್ಳ್ಯಾಗ ಬಾಡಿಗಿ ಮನಿ ಸಿಗ್ತಾವೇನು?”

ನಿಂಗಪ್ಪನವರು ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಲ್ಲಿಸಿದರು. “ಎಷ್ಟು ಮಂದಿಗೆ?”

“ಮೂರು.”

ಮುದುಕರು ಮಗಳ ಮುಖ ನೋಡಿದರು. ಆಮೇಲೆ ಎಲೆ ಮಡಿಸುತ್ತ ಹೇಳಿದರು: “ಮೂರು ಮಂದಿಗಾದ್ರ ಹಿತ್ತಲ ಇರೂ ಮನಿ ನೋಡಬೇಕು. ಪೂಜಿಗೆ ಹೂವು ಬೇಕಲ್ಲ. ಆ ಕಡೆ ಮಾತರೆ ಮಾತಿನಂಗ ಕೇಳ್ತಾವು. ಇಲ್ಲಿ ಎಲ್ಲಾರೂ ಅರ್ಧ ನುಂಗಿ ಅರ್ಧ ಹೇಳ್ತಾರ.”

ಅವಳು ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಶುಕ್ರವಾರ ಆ ಅಂಚಿನಲ್ಲಿ ತಿಳಿನೀಲಿಯಲ್ಲಿ ಬರೆದಳು: ‘ಬರುತ್ತೇನೆ. ಅಪ್ಪನನ್ನು ಬಂದು ಕೇಳಿ. ಹಿತ್ತಲಿರುವ ಮನೆ ನೋಡಿ.’

ಬರೆದದ್ದೇನೋ ಬರೆದಳು. ಅದನ್ನು ಅವನು ಎದುರಿಗೇ ನಿಂತು ಓದುವುದನ್ನು ನೆನೆಸಿಕೊಂಡರೆ ಕಿವಿ ಕಾದು ಕೆಂಪಾಗುತ್ತಿತ್ತು. ಹನುಮಂತಯ್ಯನವರ ಬಳಿ ಹೋಗಿ, “ಸಾರ್, ನಾಳೆ ರಜೆ ಬೇಕು. ಡ್ರಾಯರಲ್ಲಿ ಮೂವತ್ತೇಳನೇ ಹಾಳೆ ಇದೆ. ಅವರು ಬಂದ್ರೆ ಕೊಟ್ಬಿಡಿ,” ಎಂದಳು.

ಶನಿವಾರ ಇಡೀ ದಿನ ಲಗ್ಗೆರೆಯ ಮನೆಯಲ್ಲಿ ಕೂತು, ನಾಲ್ಕು ಗಂಟೆಯಿಂದ ಬಾಗಿಲು ನೋಡಿದಳು. ಭಾನುವಾರವೂ ನೋಡಿದಳು. ನಿಂಗಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎರಡು ದಿನ ಕೂತರು. ಯಾರೂ ಬರಲಿಲ್ಲ.

*

ಸೋಮವಾರ ಪ್ರೆಸ್ಸಿಗೆ ಹೋಗಿ ಡ್ರಾಯರ್ ಎಳೆದರೆ ಹಾಳೆ ಅಲ್ಲೇ ಇತ್ತು. ಅವಳ ನೀಲಿ ಅಕ್ಷರಗಳು ಇಟ್ಟ ಹಾಗೆಯೇ ಇದ್ದವು.

“ಸಾರ್, ಇದನ್ನ ಅವರಿಗೆ ಕೊಡ್ಲಿಲ್ವಾ?”

“ಕೊಟ್ನಲ್ಲಮ್ಮಾ,” ಎಂದರು ಹನುಮಂತಯ್ಯ. “ಅಂದ್ರೆ, ಜೆರಾಕ್ಸ್ ಮಾಡಿಸಿ ಕೊಟ್ಟೆ. ಅವನ ತಿದ್ದುಪಡಿ ಎಲ್ಲ ಅದರಲ್ಲೇ ಇದೆ, ಇವತ್ತು ನೀನು ಹಾಕ್ಬೇಕಲ್ಲ. ಅದಕ್ಕೆ ಒರಿಜಿನಲ್ ಇಟ್ಕೊಂಡೆ.”

ಮಹಾದೇವಿ ಸ್ಟೂಲಿನ ಮೇಲೆ ಕೂತಳು. ಜೆರಾಕ್ಸ್ ಯಂತ್ರದ ಕಣ್ಣೂ ಕ್ಯಾಮೆರಾದ ಕಣ್ಣಿನಂತೆಯೇ. ತಿಳಿನೀಲಿ ಅದಕ್ಕೆ ಕಾಣುವುದಿಲ್ಲ. ಅವನ ಕಪ್ಪು ಸೀಸದ ಪ್ರಶ್ನೆ ಸ್ಪಷ್ಟವಾಗಿ ಬಂದಿರುತ್ತದೆ. ಅದರ ಕೆಳಗೆ ಖಾಲಿ. ಇಲ್ಲ ಎಂದರೆ ಖಾಲಿ ಬಿಡಿ ಎಂದು ಅವನೇ ಬರೆದಿದ್ದ.

“ಏನಂದ್ರು?”

“ಬೆಳಕಿಗೆ ಹಿಡಿದು ನೋಡಿದ. ತಿರುಗಿಸಿ ಹಿಂದುಗಡೆ ನೋಡಿದ. ನೀನು ಎಲ್ಲಿ ಅಂದ, ರಜ ಅಂದೆ. ‘ಹುಬ್ಬಳ್ಳಿಗೆ ಹೋಗ್ತೀನಿ ಸಾರ್, ದಾರೀಲಿ ರಾಣೆಬೆನ್ನೂರಲ್ಲಿ ಅವ್ವ ಒಂದು ಹುಡುಗಿ ನೋಡಿಟ್ಟಿದ್ದಾಳೆ, ಬುಧವಾರ ನೋಡಿ ಒಪ್ಕೊಂಡುಬಿಡ್ತೀನಿ’ ಅಂದ. ಯಾಕಮ್ಮಾ, ಮುಖ ಹಿಂಗ್ಯಾಕಾಯ್ತು?”

ಅವಳು ಹಾಳೆಯನ್ನು ಅವರ ಮುಂದಿಟ್ಟಳು. ಹನುಮಂತಯ್ಯ ಪ್ರಶ್ನೆ ಓದಿದರು, ಉತ್ತರ ಓದಿದರು, ಹಣೆ ಚಚ್ಚಿಕೊಂಡರು. “ಇಪ್ಪತ್ತೈದು ವರ್ಷದಿಂದ ಕ್ಯಾಮೆರಾ ಹಿಡ್ಕೊಂಡಿದ್ದೀನಿ, ನನಗೆ ಹೊಳೀಲಿಲ್ವಲ್ಲ!”

ಕಂಪನಿಗೆ ಫೋನು ಮಾಡಿದರು. ಈರೇಶ್ ಬೆಳಗ್ಗೆಯೇ ಹೊರಟಾಗಿತ್ತು. ಇಂದು ತುಮಕೂರು, ಸಿರಾ. ನಾಳೆ ಹಿರಿಯೂರಿನ ಆಚೆ ದೊಡ್ಡಬಿದರೆಯ ಎಣ್ಣೆ ಮಿಲ್ಲಿನಲ್ಲಿ ಮಧ್ಯಾಹ್ನದವರೆಗೆ ಕೆಲಸ. ಅಲ್ಲಿಂದ ನೇರ ರಾಣೆಬೆನ್ನೂರು. ಮಿಲ್ಲಿನ ಫೋನು ಮಳೆಗಾಲದಿಂದ ಕೆಟ್ಟು ಕೂತಿತ್ತು.

“ಒಂದು ಟೆಲಿಗ್ರಾಂ ಕೊಡೋಣ್ವಾ? ಇಲ್ಲ, ಹುಬ್ಬಳ್ಳಿ ವಿಳಾಸಕ್ಕೆ ಕಾಗದ ಬರೆದುಬಿಡು.”

“ಬರೆದೇ ಹೀಗಾಯ್ತಲ್ಲ ಸಾರ್,” ಎಂದಳು ಮಹಾದೇವಿ. ಅವಳ ದನಿಯಲ್ಲಿ ಎಂದೂ ಇಲ್ಲದ ಗಟ್ಟಿತನ ಇತ್ತು. “ನಾಳೆ ರಜೆ ಕೊಡಿ. ನಾನೇ ಹೋಗ್ತೀನಿ.”

“ಎಲ್ಲಿಗೆ? ದೊಡ್ಡಬಿದರೆಗಾ? ಅಲ್ಲಿಗೆ ಬಸ್ಸೂ ಇಲ್ಲ ಕಣಮ್ಮಾ!”

“ಬಸ್ಸಿಲ್ಲ,” ಎಂದಳು, ಹಾಳೆ ಮಡಿಸುತ್ತ. “ದಾರಿ ಇದೆ.”

*

ಮಂಗಳವಾರ ಬೆಳಗ್ಗೆ ಜಾಲಹಳ್ಳಿ ಕ್ರಾಸಿನಲ್ಲಿ ನಿಂಗಪ್ಪನವರೇ ಮಗಳನ್ನು ಬಸ್ಸು ಹತ್ತಿಸಿದರು. ರೊಟ್ಟಿ ಬುತ್ತಿ ಕೊಟ್ಟು, ತಲೆಯ ಮೇಲೆ ಕೈಯಿಟ್ಟು, “ಹೋಗಿ ಬಾಯಿ ಬಿಟ್ಟು ಹೇಳು. ಶಿವನೂ ಕೂಗಿ ಕರದೋರಿಗೇ ಓ ಅಂತಾನ,” ಎಂದರು.

ಕಿಟಕಿಯ ಪಕ್ಕ ಕೂತ ಮಹಾದೇವಿಯ ತೊಡೆಯ ಮೇಲೆ ಅಟ್ಲಾಸು ಹಾಳೆ ಹಾಳೆಯಾಗಿ ತಿರುಗಿತು. ನೆಲಮಂಗಲ, ದಾಬಸ್‌ಪೇಟೆ, ತುಮಕೂರು, ಸಿರಾ. ಒಂದೊಂದು ಊರಿನ ಹೆಸರು ಬೋರ್ಡಿನ ಮೇಲೆ ಕಂಡಾಗಲೂ ಮದುವೆ ಮನೆಯಲ್ಲಿ ಬಂಧುಗಳನ್ನು ಗುರುತಿಸಿದಂತೆ ಅವಳ ತುಟಿ ಅಲುಗುತ್ತಿತ್ತು. ಅವಳು ಊದಿನಕಡ್ಡಿಯ ತುದಿಯಷ್ಟು ಚುಕ್ಕೆ ಇಟ್ಟಿದ್ದ ಕಡೆ ಶಾಲೆಯಿತ್ತು, ಬಾವಿಯಿತ್ತು, ಕೂದಲು ಬಾಚಿಕೊಳ್ಳುತ್ತ ಬಾಗಿಲಲ್ಲಿ ನಿಂತ ಹೆಂಗಸಿದ್ದಳು. ಇಷ್ಟೆಲ್ಲವನ್ನೂ ಒಂದು ಚುಕ್ಕೆಯೊಳಗೆ ಮುಚ್ಚಿಟ್ಟಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು.

ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಚಳ್ಳಕೆರೆ ರಸ್ತೆಗೆ ಬಂದಳು. ಟಿಕೆಟ್ ಕೊಡುತ್ತ ಕಂಡಕ್ಟರ್ ಕೇಳಿದ: “ದೊಡ್ಡಬಿದರೆಗೆ ಇಲ್ಲಿ ಯಾಕಮ್ಮಾ ಇಳೀತೀರ? ಚಳ್ಳಕೆರೆಗೆ ಹೋಗಿ ಅಲ್ಲಿಂದ ಆಟೋ ಹಿಡೀರಿ. ಎಲ್ರೂ ಹಂಗೇ ಹೋಗೋದು.”

“ಸುತ್ತಾಗುತ್ತೆ ಸಾರ್. ಮುಂದಿನ ಮೋರಿ ಹತ್ರ ಎಡಕ್ಕೆ ಬಂಡಿ ಜಾಡಿದೆ. ನಾಲ್ಕೂವರೆ ಕಿಲೋಮೀಟರ್.”

ಕಂಡಕ್ಟರ್ ಡ್ರೈವರಿನ ಕಡೆ ನೋಡಿದ. “ಹೌದೇನೋ ಗುರು?” ಡ್ರೈವರ್ ತಲೆ ಕೆರೆದುಕೊಂಡು ಮೋರಿಯ ಹತ್ತಿರ ಬ್ರೇಕು ಹಾಕಿದ. ಬಂಡಿ ಜಾಡು ಅಲ್ಲೇ ಇತ್ತು.

ಹತ್ತೂವರೆಯ ಬಿಸಿಲು. ನೆಲಗಡಲೆ ಕಿತ್ತ ಹೊಲಗಳ ನಡುವೆ ಕೆಂಪು ದಾರಿ. ಹಾಳೆಯ ಮೇಲೆ ಅವಳು ಕೂದಲೆಳೆಯಂತೆ ಎಳೆದದ್ದು ಇಲ್ಲಿ ಎರಡು ಬಂಡಿ ದಾಟಿಕೊಳ್ಳುವಷ್ಟು ಅಗಲವಾಗಿತ್ತು. ಚಪ್ಪಲಿಯೊಳಗೆ ಮಣ್ಣು ಸೇರಿತು. ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ಜೊತೆಯಾದಳು.

“ಎಲ್ಲಿಗವ್ವಾ ಒಂಟೀಲಿ?”

“ಎಣ್ಣೆ ಮಿಲ್ಲಿಗೆ ಅಜ್ಜಿ.”

“ಈ ಕಡೇರಾ ನೀನು?”

“ಅಲ್ಲ. ಇದೇ ಮೊದಲ ಸಲ.”

“ಮತ್ತೆ ಯಾರನ್ನೂ ಕೇಳ್ದೆ ಇಂಗೆ ನೆಟ್ಟಗೆ ಓಯ್ತಾ ಇದೀಯಲ್ಲ!”

“ಈ ದಾರಿ ನಾನೇ ಬರೆದದ್ದು ಅಜ್ಜಿ.”

ಮುದುಕಿ ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ದಾರೀನಾ ಬರೆದ್ಯಾ? ನಮ್ಮ ಅಪ್ಪನ ಕಾಲದಿಂದ್ಲೂ ಐತಲ್ಲೇ ಇದು!” ಎಂದು ಬಾಯ್ತುಂಬ ನಕ್ಕಳು. ಮಹಾದೇವಿಯೂ ನಕ್ಕಳು. ಬಯಲಿನಲ್ಲಿ ಗಟ್ಟಿಯಾಗಿ ನಕ್ಕದ್ದು ಎಷ್ಟು ಕಾಲದ ಮೇಲೋ.

ಮುಂದೆ ದಾರಿ ಎರಡಾಯಿತು. ಅಟ್ಲಾಸಿನಲ್ಲಿ ಒಂದೇ ಇತ್ತು. ಅವಳು ಮೂವತ್ತೇಳನೆಯ ಹಾಳೆ ಬಿಚ್ಚಿದಳು. ಅಲ್ಲಿ ಅವನ ಕೆಂಪು ಪೆನ್ಸಿಲು ಹೇಳುತ್ತಿತ್ತು: ‘ಇಲ್ಲಿ ಕವಲು. ಬಲಕ್ಕೆ ಹಿಡಿಯಿರಿ.’

ಬಲಕ್ಕೆ ಹಿಡಿದಳು.

*

ಮಿಲ್ಲಿನ ಅಂಗಳದಲ್ಲಿ ನೆಲಗಡಲೆ ಹಿಂಡಿಯ ವಾಸನೆ ಮಂದವಾಗಿ ನಿಂತಿತ್ತು. ಯೆಜ್ಡಿ ಬೇವಿನ ಮರದ ಕೆಳಗಿತ್ತು, ಅದರ ಬೆನ್ನಿಗೆ ಬಟ್ಟೆಯ ಚೀಲ ಬಿಗಿದಿತ್ತು. ಅವನು ಎಲ್ಲೂ ಕಾಣಲಿಲ್ಲ. ಲಾರಿಗಳು ನಿಲ್ಲುವ ಧರ್ಮಕಾಟಾದ ಅಗಲವಾದ ಕಬ್ಬಿಣದ ತಟ್ಟೆಯ ಅಡಿಯ ಗುಂಡಿಯಿಂದ ಸ್ಪ್ಯಾನರಿನ ಸದ್ದು ಮಾತ್ರ ಬರುತ್ತಿತ್ತು.

ಮಹಾದೇವಿ ನಡೆದುಹೋಗಿ ಆ ತಟ್ಟೆಯ ನಟ್ಟನಡುವೆ ನಿಂತಳು.

“ಪಾಪಯ್ಯಾ!” ಗುಂಡಿಯೊಳಗಿಂದ ಈರೇಶನ ದನಿ. “ಜೀರೋ ನಿಲ್ತಾ ಇಲ್ವಲ್ಲ. ತಟ್ಟೆ ಮೇಲೆ ಯಾರದು? ಇಳಿಯೋಕೆ ಹೇಳು.”

ಗಾಜಿನ ಕೋಣೆಯಲ್ಲಿ ಅಂಕಿ ನೋಡುತ್ತ ಕೂತಿದ್ದ ಪಾಪಯ್ಯ ಕತ್ತು ಹೊರಹಾಕಿದ. “ಐವತ್ತು ಕಿಲೋ ತೋರಿಸ್ತೈತೆ ಸಾರ್. ಯಾರೋ ಮೇಡಂ. ಮೇಡಂ, ಇಳೀರಿ.”

“ಇಳಿಯಲ್ಲ,” ಎಂದಳು.

ಸ್ಪ್ಯಾನರಿನ ಸದ್ದು ನಿಂತಿತು. ಗುಂಡಿಯ ಅಂಚಿನಿಂದ ಮೊದಲು ಎರಡು ಗ್ರೀಸಿನ ಕೈ, ಆಮೇಲೆ ಕೆದರಿದ ತಲೆ, ಆಮೇಲೆ ನಂಬದ ಎರಡು ಕಣ್ಣು ಮೇಲೆ ಬಂದವು.

“ಮಾದೇವಿಯವ್ರೇ? ನೀವು... ಇಲ್ಲಿಗೆ ಹೆಂಗ ಬಂದ್ರಿ?”

“ಮೋರಿ ಹತ್ರ ಇಳದು, ನಡಕೊಂಡು.” ಉಸಿರು ಹತ್ತಿತ್ತು. ಆರು ವರ್ಷದಿಂದ ಹೊರಗೆ ಆಡದ ಮನೆಯ ಮಾತು ತಾನಾಗಿ ಬಾಯಿಗೆ ಬಂದಿತ್ತು. “ನೀವು ನೋಡಿದ್ದು ಜೆರಾಕ್ಸು. ನಾ ನೀಲಿ ಪೆನ್ಸಿಲಿನಾಗ ಬರದಿದ್ದೆ. ಅದು ಜೆರಾಕ್ಸಿನ್ಯಾಗ ಬರೂದಿಲ್ಲ. ಖಾಲಿ ಬಿಟ್ಟಿರ್ಲಿಲ್ಲ ನಾನು.”

ಅವನು ಮೇಲೆ ಹತ್ತಿ ತಟ್ಟೆಯ ಆಚೆ ನಿಂತ. ಅವಳು ಹಾಳೆ ಚಾಚಿದಳು. ಅವನು ಅದನ್ನು ತೆಗೆದುಕೊಳ್ಳಲಿಲ್ಲ. ಎರಡೂ ಅಂಗೈ ತೆರೆದು ತೋರಿಸಿದ. “ಗ್ರೀಸ್ ಐತ್ರಿ. ಹಾಳಿ ಕೆಡ್ತೈತಿ. ಏನ್ ಬರದಿದ್ರಿ, ನೀವೇ ಹೇಳ್ರಿ.”

“ಓದ್ಲಾ?”

“ಓದಬ್ಯಾಡ್ರಿ. ಹೇಳ್ರಿ.”

ಹಿಂಡಿ ಹೊರುತ್ತಿದ್ದ ಇಬ್ಬರು ಹೆಂಗಸರು ಬುಟ್ಟಿ ಇಳಿಸಿ ನಿಂತರು. ಪಾಪಯ್ಯ ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದ. ಮಹಾದೇವಿ ಹಾಳೆಯನ್ನು ಮಡಿಸಿ ಎದೆಗೆ ಒತ್ತಿಕೊಂಡಳು. ಕಣ್ಣು ಮುಚ್ಚಲಿಲ್ಲ, ತಗ್ಗಿಸಲೂ ಇಲ್ಲ.

“ನಿಮ್ಮ ಕೂಡ ಬರ್ತೀನಿ ಅಂತ ಬರದಿದ್ದೆ. ಹುಬ್ಬಳ್ಳಿಗೂ ಬರ್ತೀನಿ, ಎಲ್ಲಿಗಂದ್ರ ಅಲ್ಲಿಗೆ ಬರ್ತೀನಿ. ನೀವು ಬಂದು ಹೋದ ಮ್ಯಾಲೆ ವಾರದಾಗ ಬರೇ ಶನಿವಾರ ಒಂದ ಐತಿ ಅನ್ನಿಸಾಕತ್ತೈತಿ ನನಗ. ಬೀದರಿನ ತನಕ ಬರಿಯೂ ಹಾಳಿ ಇನ್ನೂ ಅದಾವಂತ, ಹುಬ್ಬಳ್ಳ್ಯಾಗ ಕುಂತು ಬರಿ ಅಂತ ನಿನ್ನಿ ಹನುಮಂತಯ್ಯನವ್ರು ಒಪ್ಯಾರ. ಅಪ್ಪಗ ಹಿತ್ತಲ ಇರೂ ಮನಿ ಬೇಕಂತ. ನೀವು ರಾಣೆಬೆನ್ನೂರಿಗೆ ಹೋಗಬ್ಯಾಡ್ರಿ.”

ಇಷ್ಟು ಮಾತನ್ನು ಅವಳು ಒಂದೇ ಉಸಿರಿಗೆ ಹುಟ್ಟಿದಂದಿನಿಂದ ಆಡಿರಲಿಲ್ಲ.

ಈರೇಶ್ ತಲೆ ಅಲ್ಲಾಡಿಸಿದ. “ಹೋಗಬೇಕಲ್ರಿ.”

ಅವಳ ಮುಖದ ಮೇಲಿನ ಬಿಸಿಲು ಆರಿತು.

“ಹೋಗಬೇಕು,” ಎಂದ ಅವನು, ಇನ್ನು ತಡೆಯಲಾರದೆ ನಗು ಒಡೆದು. “ಹುಡುಗಿ ಸಿಕ್ಕಾಳ, ನಾಲ್ಕೂವರೆ ಕಿಲೋಮೀಟರ್ ಬಿಸಿಲಾಗ ನಡಕೊಂಡು ಬಂದು ನನ್ನ ಕಾಟಾದ ಮ್ಯಾಲೆ ನಿಂತಾಳ, ಇಳಿಯೂದಿಲ್ಲ ಅಂತಾಳ ಅಂತ ನಮ್ಮ ಅವ್ವಗ ಯಾರು ಹೇಳ್ಬೇಕು?”

“ಹಂಗ ಅಂಜಿಸ್ತಾರೇನ್ರೀ?” ಅವಳ ಕಣ್ಣು ತುಂಬಿ ಬಂದಿತ್ತು.

“ಮೂರು ದಿನ ಖಾಲಿ ಕಾಗದ ಕಿಸೇದಾಗ ಇಟ್ಕೊಂಡು ಅಡ್ಡಾಡೀನ್ರಿ. ಇಷ್ಟರೆ ಸೇಡು ಬ್ಯಾಡೇನು?”

ಎಂದವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಒರೆಸಿದ್ದು ಸಾಲದೆಂದು ಅಂಗಿಗೂ ಒರೆಸಿಕೊಂಡು, ಒಂದು ಹೆಜ್ಜೆ ಎತ್ತಿ ತಟ್ಟೆಯ ಮೇಲೆ ಅವಳ ಪಕ್ಕಕ್ಕೆ ಬಂದು ನಿಂತ. ಕಬ್ಬಿಣ ಅವರ ಕಾಲ ಕೆಳಗೆ ಸಣ್ಣಗೆ ಮಿಡುಕಿ ಸ್ಥಿರವಾಯಿತು.

“ಸಾರ್!” ಗಾಜಿನ ಕೋಣೆಯಿಂದ ಪಾಪಯ್ಯ ಕೂಗಿದ. “ಈಗ ನೂರಾ ಇಪ್ಪತ್ತು ತೋರಿಸ್ತೈತೆ! ಜೀರೋಗೆ ತರೋದು ಬ್ಯಾಡ್ವಾ?”

ಈರೇಶ್ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಬೇಡ ಪಾಪಯ್ಯ,” ಎಂದ. “ಈಗ ಸರಿಯಾಗಿ ತೋರಿಸ್ತಿದೆ.”